ಕಿವಿಗೆ ನಿಲುಕದ ಗುಟುರು



ಬೇಸಿಗೆಯಲ್ಲಿ ಕಬಿನಿ ಹಿನ್ನೀರಿನ ದಂಡೆಗೆ ಹೋದವರು ಈ ನೋಟ ಕಂಡಿರಬಹುದು. ಮೇಯುತ್ತಿದ್ದ ಆನೆಹಿಂಡು ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಬೀಸುತ್ತಿದ್ದ ಕಿವಿ ನಿಲ್ಲುತ್ತದೆ. ಬಾಯಿಗೆ ಹೊರಟ ಹುಲ್ಲಿನ ಹಿಡಿ ಸೊಂಡಿಲಲ್ಲೇ ಉಳಿಯುತ್ತದೆ. ಕೊಂಚ ಹೊತ್ತು ಹಾಗೇ ಇದ್ದು, ದೊಡ್ಡವು ಚಿಕ್ಕವು ಎಲ್ಲ ಒಟ್ಟಿಗೆ ಒಂದೇ ದಿಕ್ಕಿಗೆ ಹೆಜ್ಜೆ ಹಾಕುತ್ತವೆ. ಯಾರೂ ಘೀಳಿಟ್ಟಿಲ್ಲ. ಹಾಗಾದರೆ ಹೊರಡೋಣ ಎಂದವರು ಯಾರು?

ನಮ್ಮ ನಾಡಿನಲ್ಲಿ ಆನೆಯ ಬಗ್ಗೆ ಬರೆದದ್ದಕ್ಕೆ ಬರವಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ 'ಮಾನಸೋಲ್ಲಾಸ'ದಲ್ಲಿ ಆನೆಯನ್ನು ಹಿಡಿಯುವುದನ್ನೂ ಪಳಗಿಸುವುದನ್ನೂ ವಿವರಿಸಿದ್ದಾನೆ. ಮೈಸೂರು ಸಂಸ್ಥಾನದಲ್ಲಿ 1870ರ ದಶಕದಲ್ಲಿ ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ ಖೆಡ್ಡಾ, ಅಂದರೆ ಆನೆಹಿಂಡನ್ನು ಅಟ್ಟಿ ಕೂಡಿಹಾಕಿ ಹಿಡಿಯುವ ಕೆಲಸ, ನಡೆಸಿದ. ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ಆದದ್ದು 1971ರಲ್ಲಿ. ಎತ್ತರ ಅಳೆದರು, ದಂತ ಅಳೆದರು, ಮದದ ಲಕ್ಷಣ ಬರೆದಿಟ್ಟರು. ಕಂದಕದೊಳಗೆ ಸಿಕ್ಕ ಆನೆ ಹೊರಗುಳಿದ ಆನೆಗೆ ಏನು ಹೇಳಿತೋ ಅದು ಮಾತ್ರ ಯಾವ ದಫ್ತರಕ್ಕೂ ಸೇರಲಿಲ್ಲ. ನನಗೆ ಇವತ್ತಿಗೂ ನೋವಾಗುವುದು ಅಲ್ಲೇ.

ಆ ಕೊನೆಯ ಖೆಡ್ಡಾ ಮುಗಿದ ಮರುವರ್ಷವೇ, 1972ರಲ್ಲಿ, ಒಬ್ಬರು ಈ ವಿಚಾರಕ್ಕೆ ಕೈಹಾಕಿದರು. ಅವರು ಮದರಾಸಿನ ಎಂ. ಕೃಷ್ಣನ್. ಹುಟ್ಟಿದ್ದು ತಿರುನಲ್ವೇಲಿಯಲ್ಲಿ, ಆದರೆ 1940ರ ದಶಕದಲ್ಲಿ ನಮ್ಮ ಬಳ್ಳಾರಿ ಸೀಮೆಯ ಸಂಡೂರು ಸಂಸ್ಥಾನದಲ್ಲಿ ನೌಕರಿ ಮಾಡಿದವರು, ಅಲ್ಲಿನ ಬೆಟ್ಟಗಳಲ್ಲಿ ಅಲೆದವರು. ಆಮೇಲೆ 1950ರಿಂದ 1996ರವರೆಗೆ, ಸಾಯುವವರೆಗೂ, ಒಂದೇ ಪತ್ರಿಕೆಗೆ ಕಾಡಿನ ಅಂಕಣ ಬರೆದರು. ಯಾವ ವಿಶ್ವವಿದ್ಯಾಲಯದ ಪೀಠವೂ ಇಲ್ಲದ ಈ ಮನುಷ್ಯ ದಕ್ಷಿಣ ಭಾರತದ ದೊಡ್ಡ ಪ್ರಾಣಿಗಳ ಬಗ್ಗೆ ಬರೆಯುತ್ತ, ನಮ್ಮ ಕಿವಿಗೆ ನಿಲುಕದಷ್ಟು ತಗ್ಗಿದ ಸ್ವರದಲ್ಲಿ ಆನೆಗಳು ಮಾತಾಡಿಕೊಳ್ಳುತ್ತಿರಬೇಕು ಎಂದು ಊಹಿಸಿದರು. ಅದನ್ನು ಹಿಡಿದು ತೋರಿಸುವ ಯಂತ್ರ ಅವರ ಬಳಿ ಇರಲಿಲ್ಲ. ಇದ್ದದ್ದು ಕಣ್ಣು ಮತ್ತು ತಾಳ್ಮೆ.

ಯಂತ್ರ ತಂದವರು ಅಮೆರಿಕದ ಕೇಟಿ ಪೇನ್. ಈಕೆಯ ಕಥೆ ಹೇಳಲಿಕ್ಕೆಂದೇ ನಾನಿಲ್ಲಿ ಕೂತಿದ್ದೇನೆ ಎಂದರೂ ತಪ್ಪಿಲ್ಲ. ಕಡಲಿನ ತಿಮಿಂಗಿಲಗಳ ಹಾಡನ್ನು ವರ್ಷಗಟ್ಟಲೆ ಕೇಳಿದ್ದ ಹೆಂಗಸು. 1984ರ ಮೇ ತಿಂಗಳಲ್ಲಿ ಪೋರ್ಟ್‌ಲೆಂಡ್ ಊರಿನ ಮೃಗಾಲಯಕ್ಕೆ ಹೋಗಿ ಒಂದು ವಾರ ಆನೆಗಳ ಪಕ್ಕದಲ್ಲಿ ಸುಮ್ಮನೆ ಕುಳಿತರು. ಅವು ನಮ್ಮ ಏಷ್ಯಾದ ಆನೆಗಳೇ. ಆಗಾಗ ಗಾಳಿಯೇ ಮಿಡಿದಂತೆ ಅನ್ನಿಸುತ್ತಿತ್ತು. ಸದ್ದಿಲ್ಲ, ಡೊಳ್ಳು ಬಾರಿಸುವವರ ಹತ್ತಿರ ನಿಂತಾಗ ಎದೆಗೂಡು ಅದುರುತ್ತದಲ್ಲ, ಅಂಥದ್ದು. ಊರಿಗೆ ಮರಳುವಾಗ ವಿಮಾನದಲ್ಲಿ ಅವರಿಗೆ ಬಾಲ್ಯದ ನೆನಪೊಂದು ಬಂತು. ಪ್ರಾರ್ಥನಾ ಮಂದಿರದಲ್ಲಿ ಮೇಳದ ಜೊತೆ ಹಾಡುವಾಗ ಆರ್ಗನ್ ವಾದ್ಯದ ದೊಡ್ಡ ಕೊಳವೆ ತೀರ ತಗ್ಗಿನ ಸ್ವರಕ್ಕೆ ಇಳಿಯುತ್ತಿತ್ತು. ಆಗ ಸ್ವರ ಅಡಗಿ ಮಿಡಿತವಷ್ಟೇ ಉಳಿಯುತ್ತಿತ್ತು. ಆನೆಗಳ ಬಳಿ ಮೈಗೆ ತಾಗಿದ್ದೂ ಅದೇ ಅಲ್ಲವೇ?

ಇಬ್ಬರು ಸಂಗಡಿಗರೊಂದಿಗೆ ಮತ್ತೆ ಹೋದರು. ರಾತ್ರಿ ಹಗಲು ಟೇಪು ಓಡಿಸಿದರು. ಆಮೇಲೆ ಆ ಟೇಪನ್ನು ಸುಮಾರು ಹತ್ತುಪಟ್ಟು ವೇಗದಲ್ಲಿ ತಿರುಗಿಸಿ ಕೇಳಿದರೆ, ಯಾವ ಸದ್ದೂ ಇಲ್ಲವೆಂದುಕೊಂಡಿದ್ದ ಕಡೆ ಹಸುಗಳು ಕೂಗಿದಂಥ ದನಿ! ಅದರಲ್ಲೊಂದು ಸಂಭಾಷಣೆ ರೋಸಿ ಎಂಬ ಹೆಣ್ಣಾನೆಯದು. ಅವಳು ಕಾಂಕ್ರೀಟ್ ಗೋಡೆಗೆ ಮುಖಮಾಡಿ ನಿಂತಿದ್ದಳು. ಗೋಡೆಯ ಆಚೆ ತುಂಗ ಎಂಬ ಗಂಡಾನೆ, ಅವನೂ ಗೋಡೆಗೇ ಮುಖಮಾಡಿ. ನೋಡುವವರಿಗೆ ಎರಡು ಆನೆ ಬೇಸರದಿಂದ ಗೋಡೆ ನೋಡುತ್ತ ನಿಂತಂತೆ. ಅವರಿಬ್ಬರಿಗೆ ಮಾತ್ರ ಆ ಗೋಡೆ ಅಡ್ಡಿಯೇ ಆಗಿರಲಿಲ್ಲ. ಇಂಥ ಗುಟುರಿನ ಹೊತ್ತಿಗೆ ಆನೆಯ ಹಣೆಯ ಚರ್ಮ ಸಣ್ಣಗೆ ಅದುರುವುದನ್ನೂ ಪೇನ್ ಗುರುತಿಸಿದರು.

1986ರಲ್ಲಿ ಈ ಶೋಧ ಅಚ್ಚಾಯಿತು. ಆ ಗುಟುರುಗಳು ಸೆಕೆಂಡಿಗೆ 14ರಿಂದ 24 ಕಂಪನದವು. ನಮ್ಮ ಕಿವಿ 20ರ ಕೆಳಗಿನದನ್ನು ಹಿಡಿಯಲಾರದು. ತಗ್ಗಿನ ಸ್ವರವನ್ನು ಎಲೆ, ಪೊದೆ ಅಷ್ಟಾಗಿ ಹೀರುವುದಿಲ್ಲ, ಹಾಗಾಗಿ ದೂರ ಹೋಗುತ್ತದೆ. ನಮೀಬಿಯಾದಲ್ಲಿ ಧ್ವನಿವರ್ಧಕದಿಂದ ಈ ದನಿ ಹೊರಡಿಸಿದಾಗ ದೂರದಲ್ಲಿದ್ದ ಆನೆಗಳು ತಲೆಯೆತ್ತಿ ಕಿವಿ ಅಗಲಿಸಿದವು, ಸಲಗಗಳು ಅತ್ತಲೇ ನಡೆದವು. ನಾಲ್ಕು ಕಿಲೋಮೀಟರಿನವರೆಗೂ ಕರೆ ಮುಟ್ಟುತ್ತದೆಂಬ ಲೆಕ್ಕ ಸಿಕ್ಕಿತು. ಹೆಣ್ಣಾನೆ ಬೆದೆಗೆ ಬರುವುದು ನಾಲ್ಕೈದು ವರ್ಷಕ್ಕೊಮ್ಮೆ, ಅದೂ ಕೆಲವೇ ದಿನ. ಅವಳ ಕರೆ ಅಷ್ಟು ದೂರ ಹೋಗಲೇಬೇಕು.

ಆಮೇಲೆ ಜಿಂಬಾಬ್ವೆಯ ಸೆಂಗ್ವಾದಲ್ಲಿ ಪೇನ್ ಹಿಂಬಾಲಿಸುತ್ತಿದ್ದ, ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿದ್ದ ಆನೆಗಳ ಕುಟುಂಬಗಳನ್ನು, ಸಂಖ್ಯೆ ಹೆಚ್ಚಾಯಿತೆಂದು ಗುಂಡಿಟ್ಟು ಕೊಂದರು. ದನಿಯಿಂದಲೇ ಬಲ್ಲ ಜೀವಗಳು. ಆ ದುಃಖವನ್ನು ಅವರು 1998ರಲ್ಲಿ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಮರುವರ್ಷ ಆಫ್ರಿಕದ ಕಾಡಾನೆಗಳ ದನಿ ಆಲಿಸುವ ದೊಡ್ಡ ಯೋಜನೆ ಆರಂಭಿಸಿದರು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 2024ರಲ್ಲಿ ಕೀನ್ಯಾದ ಆನೆಗಳ ಗುಟುರನ್ನು ಪರಿಶೀಲಿಸಿದವರು, ಅವು ಒಂದನ್ನೊಂದು ಹೆಸರಿನಂಥ ದನಿಯಿಂದ ಕರೆಯುತ್ತವೆ ಎಂದರು. ತನ್ನನ್ನೇ ಕರೆದದ್ದನ್ನು ಕೇಳಿಸಿದರೆ ಆನೆ ಬೇಗ ಓಗೊಡುತ್ತದಂತೆ. ನಮ್ಮಲ್ಲೇ, ಬೆಂಗಳೂರಿನ ಜವಾಹರಲಾಲ್ ನೆಹರು ಕೇಂದ್ರದ ಟಿ.ಎನ್.ಸಿ. ವಿದ್ಯಾ ಅವರ ತಂಡ 2009ರಿಂದ ಕಬಿನಿಯ ಆನೆಗಳನ್ನು ಒಂದೊಂದಾಗಿ ಗುರುತಿಟ್ಟು ನೋಡುತ್ತಿದೆ. ಅವರು ಕಂಡುಕೊಂಡಂತೆ, ನಾವು ಕಾಣುವ ಮೂರು ನಾಲ್ಕು ಆನೆಗಳ ಗುಂಪು ಇಡೀ ಕುಟುಂಬವಲ್ಲ. ದೊಡ್ಡ ಬಳಗವೊಂದರ ಹೆಣ್ಣುಗಳು ಇವತ್ತು ಇವರೊಂದಿಗೆ, ನಾಳೆ ಅವರೊಂದಿಗೆ ಕೂಡಿ ಬೇರೆಯಾಗುತ್ತಿರುತ್ತವೆ.

ಗಂಡಾನೆ ಒಂಟಿ ಎಂಬ ಮಾತೂ ಪೂರ್ತಿ ನಿಜವಲ್ಲ. ಹೊಲ-ತೋಟಗಳ ನಡುವೆ ಬದುಕುವ ಎಳೆಯ ಸಲಗಗಳು ವರ್ಷಗಟ್ಟಲೆ ಜೊತೆಯಾಗಿ ತಿರುಗುತ್ತವೆ ಎಂದು ನಿಶಾಂತ್ ಶ್ರೀನಿವಾಸಯ್ಯ ಮತ್ತು ಸಂಗಡಿಗರು 2019ರಲ್ಲಿ ತೋರಿಸಿದರು. ಅಪಾಯದ ನೆಲದಲ್ಲಿ ಗೆಳೆಯರ ಸಂಗಡ ಇರುವುದು ಅವುಗಳಿಗೆ ಲಾಭ.

ಇನ್ನು ಮುಂದೆ ಹಾಸನ, ಕೊಡಗಿನ ಕಡೆ ಸಲಗವೊಂದನ್ನು ಸೆರೆಹಿಡಿದ ಸುದ್ದಿ ಪತ್ರಿಕೆಯಲ್ಲಿ ಬಂದಾಗ, ಅದರ ವಯಸ್ಸು, ಅದು ತುಳಿದ ಗದ್ದೆಯ ಲೆಕ್ಕದ ಜೊತೆ ಇನ್ನೂ ಒಂದು ಸಾಲು ಇರಲಿ ಎಂದು ಅರಣ್ಯ ಇಲಾಖೆಯವರನ್ನೂ ವರದಿಗಾರರನ್ನೂ ಕೇಳಿಕೊಳ್ಳುತ್ತೇನೆ: ಅದು ಯಾರ ಜೊತೆ ತಿರುಗುತ್ತಿತ್ತು, ಆ ಜೊತೆಗಾರ ಈಗ ಎಲ್ಲಿದ್ದಾನೆ.