ಅಗ್ಗದ ಐಷಾರಾಮದ ನಿಜವಾದ ಬೆಲೆ



ಹುಬ್ಬಳ್ಳಿ-ಧಾರವಾಡದ ನಮ್ಮ ಮದುವೆಗಳಲ್ಲಿ ಪ್ರತಿಷ್ಠೆಯನ್ನು ವಾಹನದಿಂದ ಅಳೆಯುವ ರೋಗ ಹರಡುತ್ತಿದೆ. ಹೊಸ ಇನ್ನೋವಾಕ್ಕಿಂತ ಕಡಿಮೆ ಬೆಲೆಗೆ ಹಳೆಯ ಆಡಿ ಎಸ್‌ಯುವಿ ಸಿಗುತ್ತದೆಂದು ನಾವು ಹಿಗ್ಗುತ್ತೇವೆ. ಅದು ಅಗ್ಗವಾದದ್ದೇಕೆಂದು ಕೇಳುವುದಿಲ್ಲ.

ದೆಹಲಿಯಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳನ್ನು 2015ರಲ್ಲಿ ಹಸಿರು ನ್ಯಾಯಮಂಡಳಿ ನಿರ್ಬಂಧಿಸಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಂತಹ ವಾಹನಗಳು ಅನ್ಯರಾಜ್ಯಗಳಿಗೆ ಹರಿದುಬಂದವು. ಇಲ್ಲಿ ಕೆಎ-25 ಅಥವಾ ಕೆಎ-63 ಸಂಖ್ಯೆ ಪಡೆಯಲು ಎನ್‌ಓಸಿ ಬೇಕು, ಆಜೀವ ತೆರಿಗೆ ಕಟ್ಟಬೇಕು. 15 ವರ್ಷ ತುಂಬಿದರೆ ನೋಂದಣಿ ನವೀಕರಣಕ್ಕೆ ಮತ್ತೆ ತಪಾಸಣೆ.

ಕಾರಿನ ಬೆಲೆ ಇಳಿದರೂ ಬಿಡಿಭಾಗಗಳ ಬೆಲೆ ಇಳಿಯದು. ಏರ್ ಸಸ್ಪೆನ್ಷನ್‌ನ ರಬ್ಬರ್ ಚೀಲ ಬಿರುಕುಬಿಟ್ಟರೆ ಗಾಳಿ ಸೋರುತ್ತದೆ. ಬಿಡುವಿಲ್ಲದೆ ದುಡಿದ ಕಂಪ್ರೆಸರ್ ಸುಟ್ಟುಹೋಗುತ್ತದೆ. ಊರೊಳಗಿನ ಸಣ್ಣ ಓಡಾಟದಲ್ಲಿ ಡೀಸೆಲ್ ಮಸಿಯ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಗೇರ್‌ಬಾಕ್ಸ್ ಕೈಕೊಟ್ಟರೆ ದುರಸ್ತಿಗೆ ಲಕ್ಷಗಳೇ ಬೇಕು.

ಈ ಹಣ ಎಲ್ಲಿಂದ ಬರುತ್ತದೆ? ಬಡ್ಡಿಯ ಸಾಲದಿಂದ, ಇಲ್ಲವೇ ಮಗಳ ಕಾಲೇಜು ಶುಲ್ಕದಿಂದ. ಕುರ್‌ಆನ್ ಬಡ್ಡಿಯನ್ನೂ ದುಂದುವೆಚ್ಚವನ್ನೂ ನಿಷೇಧಿಸಿರುವಾಗ ಒಂದು ಕಾರಿಗಾಗಿ ಎರಡನ್ನೂ ಮನೆಗೆ ಕರೆತರುವುದು ಸರಿಯೇ? ದೋಷ ಮುಚ್ಚಿಟ್ಟು ಮಾರುವುದೂ ಇಸ್ಲಾಮಿನಲ್ಲಿ ವಂಚನೆಯೇ; ವಾಹನ ವ್ಯಾಪಾರದಲ್ಲಿರುವ ನಮ್ಮ ಯುವಕರು ಇದನ್ನು ಮರೆಯಬಾರದು.

ಅಗತ್ಯವಿದ್ದವರು ಕೊಳ್ಳಲಿ. ಅದಕ್ಕೆ ಮುನ್ನ ನಂಬಿಕಸ್ಥ ಮೆಕ್ಯಾನಿಕ್‌ಗೆ ತೋರಿಸಲಿ, ಸರ್ವಿಸ್ ದಾಖಲೆ ಹಾಗೂ ವಿಮೆಯ ಇತಿಹಾಸ ಪರಿಶೀಲಿಸಲಿ, ದುರಸ್ತಿಯ ಹಣವನ್ನು ಬೇರೆಯಾಗಿ ತೆಗೆದಿಡಲಿ. ಅಷ್ಟು ಶಕ್ತಿಯಿಲ್ಲದ ಮನೆಗೆ ಸಣ್ಣ ಕಾರೇ ಗೌರವ. ನಮ್ಮ ಘನತೆ ಸಾಲವಿಲ್ಲದ ಬದುಕಿನಲ್ಲಿದೆ, ಓದಿದ ಮಕ್ಕಳಲ್ಲಿದೆ.