ಕೀಬೋರ್ಡು ಕೊಳ್ಳುವ ಮುನ್ನ
(ನೆಕ್ರಾಜೆಯ ಪ್ರಾರ್ಥನಾ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ಹಾರ್ಮೋನಿಯಂನ ತಿದಿ ಹರಿದಿದೆ. ಕೀಬೋರ್ಡು ತರೋಣವೆಂದು ಮನೆಮನೆಯಿಂದ ಹಣ ಕೂಡಿಸಿದ್ದೇವೆ. ಅದು ತೋಟದಲ್ಲಿ ಬೆವರು ಸುರಿಸಿದ ದಿನಗೂಲಿಯ ದುಡ್ಡು. ಬಡ ವಿಧವೆಯ ಎರಡು ಕಾಸಿನಂಥದು. ಆದುದರಿಂದ ಅಂಗಡಿಗೆ ಹೋಗುವ ಮುನ್ನ ನಾಲ್ಕು ಮಾತು.

ಒಂದನೆಯದು, ಕೀಗಳು. 61 ಕೀಗಳು, ಅಂದರೆ ಐದು ಸಪ್ತಕ, ನಮ್ಮ ಕೀರ್ತನೆಗಳಿಗೆ ಧಾರಾಳ ಸಾಕು. ಪಿಯಾನೋದ 88 ಬೇಡ. ಸಣ್ಣ ಕೀಗಳ ಆಟಿಕೆಯೂ ಬೇಡ; ದುಡಿದು ದಪ್ಪವಾದ ನಮ್ಮ ಬೆರಳು ಒಂದರ ಬದಲು ಎರಡನ್ನು ಒತ್ತುತ್ತದೆ.

ಎರಡನೆಯದು, ಬ್ಯಾಟರಿ. ಮಳೆಗಾಲದಲ್ಲಿ ಕರೆಂಟು ಹೋಯಿತೆಂದು ಸಾವಿನ ಮನೆಯ ಪ್ರಾರ್ಥನೆ ನಿಲ್ಲುವುದಿಲ್ಲ. ಕ್ಯಾಸಿಯೊ ಸಿ.ಟಿ.-ಎಸ್ 300ರಂಥದು ಆರು ಪೆನ್ಸಿಲ್ ಸೆಲ್ಲಿನಿಂದ ನುಡಿಯುತ್ತದೆ. ತೂಕ ಸುಮಾರು 3.3 ಕಿಲೊ. ಲೈನಿನಿಂದ ಲೈನಿಗೆ ಮಕ್ಕಳೂ ಹೊತ್ತೊಯ್ಯಬಹುದು.

ಮೂರನೆಯದು, ಶ್ರುತಿ ಏರಿಸಿ ಇಳಿಸುವ ಟ್ರಾನ್ಸ್‌ಪೋಸ್ ಸೌಕರ್ಯ. ಅದಿದ್ದರೆ ಸ್ವರ ಮೇಲಾಯಿತೆಂದು ನಮ್ಮ ಅಜ್ಜಿಯಂದಿರು ಹಾಡು ನಿಲ್ಲಿಸಬೇಕಾಗಿಲ್ಲ. ಮೆಲ್ಲನೆ ಒತ್ತಿದರೆ ಮೆಲ್ಲನೆ ನುಡಿಯುವ ಗುಣವೂ ಇದ್ದರೆ ಒಳ್ಳೆಯದು.

ನಾಲ್ಕನೆಯದು, ಸಾಲ. ಕಂತು ಕಟ್ಟಲಾಗದೆ ಕಣ್ಣೀರಿಟ್ಟವರನ್ನು ಯೂನಿಯನ್ ಕೆಲಸದಲ್ಲಿ ನಾವು ಕಂಡಿದ್ದೇವೆ. ನೂರಾರು ಬಗೆಯ ದನಿಯಿದೆಯೆಂಬ ಮಾತಿಗೆ ಮರುಳಾಗಿ ಕಂತಿಗೆ ಕೊರಳೊಡ್ಡಬಾರದು. ಹಣ ಸಾಲದಿದ್ದರೆ ತಿದಿಯನ್ನೇ ರಿಪೇರಿ ಮಾಡಿಸೋಣ. ಹಾರ್ಮೋನಿಯಂಗೆ ಕರೆಂಟೂ ಬೇಡ, ಸೆಲ್ಲೂ ಬೇಡ.

ರಸೀದಿ, ಗ್ಯಾರಂಟಿ ಚೀಟಿ ಕೂಟದ ಹೆಸರಿನಲ್ಲಿರಲಿ. ಲೆಕ್ಕವನ್ನು ಭಾನುವಾರ ಎಲ್ಲರ ಮುಂದೆ ಓದೋಣ. ತಂದ ವಾದ್ಯ ಕಪಾಟಿನೊಳಗೆ ಬೀಗದಲ್ಲಿರುವುದು ಬೇಡ. ದುಡ್ಡು ಕೊಟ್ಟ ಪ್ರತಿ ಮನೆಯ ಗಂಡು ಹೆಣ್ಣು ಮಕ್ಕಳು ಅದರಲ್ಲಿ ಕಲಿಯಲಿ.

ದೇವರು ನಮ್ಮೆಲ್ಲರನ್ನು ಆಶೀರ್ವದಿಸಲಿ.