ಒಂದೇ ಬೆಟ್ಟ, ಎರಡು ಫಲಿತಾಂಶ: ಪೊಗಾಚರ್–ವಿಂಗೆಗಾರ್ಡ್ ಜಿದ್ದು ಮತ್ತು ನಮ್ಮ ನಂದಿ ರಸ್ತೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ದೊಡ್ಡಬಳ್ಳಾಪುರದಿಂದ ಮಾತಾಡ್ತಾ ಇದೀನಿ. ಹಿಂದೆ ಮಗ್ಗದ ಸದ್ದು ಕೇಳಿಸಿದ್ರೆ ಸ್ವಲ್ಪ ಹೊಂದಿಸ್ಕೊಳ್ಳಿ, ನಮ್ಮ ಬೀದಿಯಲ್ಲಿ ಅದನ್ನ ನಿಲ್ಲಿಸೋಕಾಗಲ್ಲ.

ಇವತ್ತಿನ ವಿಷಯ ಸೈಕಲ್ ರೇಸ್. ಕೇಳುಗರೊಬ್ಬರು ಕೇಳಿದ್ರು: "ಭಾನುವಾರ ಬೆಳಗ್ಗೆ ದೇವನಹಳ್ಳಿ ರಸ್ತೆಯಲ್ಲಿ ಹೆಲ್ಮೆಟ್ ಹಾಕ್ಕೊಂಡು ನೂರಾರು ಜನ ನಂದಿ ಬೆಟ್ಟದ ಕಡೆ ಹೋಗ್ತಾರಲ್ಲ, ಅವರಿಗೂ ಟಿವಿಯಲ್ಲಿ ಬರೋ ಟೂರ್ ಡಿ ಫ್ರಾನ್ಸ್‌ಗೂ ಎಷ್ಟು ದೂರ?" ಅಂತ. ಒಳ್ಳೆ ಪ್ರಶ್ನೆ. ಉತ್ತರಕ್ಕೆ ಒಂದಿಷ್ಟು ಲೆಕ್ಕ ಬೇಕು. ಬಿ.ಕಾಂ. ಓದಿದವನು ನಾನು, ಲೆಕ್ಕದಿಂದಲೇ ಹೋಗೋಣ.

ಮೊದಲು ಆಟದ ನಿಯಮ. ಟೂರ್ ಡಿ ಫ್ರಾನ್ಸ್ 1903ರಲ್ಲಿ ಶುರುವಾದದ್ದು, ಒಂದು ಪತ್ರಿಕೆಯ ಮಾರಾಟ ಹೆಚ್ಚಿಸೋಕೆ. ಈಗ 21 ಹಂತ, ನಡುವೆ ಎರಡು ದಿನ ವಿಶ್ರಾಂತಿ. ಒಟ್ಟು ಸುಮಾರು 3,300 ಕಿ.ಮೀ. ಬೆಂಗಳೂರಿಂದ ದೆಹಲಿಗೆ ಹೋಗಿ ಅರ್ಧ ದಾರಿ ವಾಪಸ್ ಬಂದಷ್ಟು. 2025ರಲ್ಲಿ 23 ತಂಡ, ತಂಡಕ್ಕೆ 8 ಜನ, 184 ಸವಾರರು. ಪ್ರತಿದಿನದ ಸಮಯವನ್ನ ಕೂಡಿಸ್ತಾ ಹೋಗ್ತಾರೆ. ಖಾತೆ ಪುಸ್ತಕದಲ್ಲಿ ಹಿಂದಿನ ಪುಟದ ಬಾಕಿ ಮುಂದಿನ ಪುಟಕ್ಕೆ ಬರುತ್ತಲ್ಲ, ಹಾಗೆ. ಒಟ್ಟು ಸಮಯ ಯಾರದ್ದು ಕಡಿಮೆಯೋ ಅವರಿಗೆ ಹಳದಿ ಜೆರ್ಸಿ. ಅಂದ್ರೆ ಒಂದು ದಿನ ಗೆದ್ದು ಮರುದಿನ ಸೋತರೆ ಗೆದ್ದದ್ದೂ ಹೋಗುತ್ತೆ. 1989ರಲ್ಲಿ ಅಮೆರಿಕದ ಗ್ರೆಗ್ ಲೆಮಾಂಡ್, ಫ್ರಾನ್ಸ್‌ನ ಲೋರಾಂ ಫಿನ್ಯೋನನ್ನ ಸೋಲಿಸಿದ್ದು ಬರೀ 8 ಸೆಕೆಂಡ್‌ನಲ್ಲಿ. ಮೂರು ವಾರ, ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್, ಕೊನೆಗೆ 8 ಸೆಕೆಂಡ್!

ಈಗಿನ ಜಿದ್ದಿಗೆ ಬರೋಣ. ಸ್ಲೊವೇನಿಯಾದ ತಾದೇಯ್ ಪೊಗಾಚರ್, ಡೆನ್ಮಾರ್ಕ್‌ನ ಯೋನಾಸ್ ವಿಂಗೆಗಾರ್ಡ್. ಪೊಗಾಚರ್ 2020, 2021, 2024, 2025ರಲ್ಲಿ ಗೆದ್ದ. ವಿಂಗೆಗಾರ್ಡ್ 2022, 2023ರಲ್ಲಿ. 2021ರಿಂದ 2025ರವರೆಗೆ ಐದು ವರ್ಷವೂ ಮೊದಲ ಎರಡು ಸ್ಥಾನ ಇವರಿಬ್ಬರದ್ದೇ. ಒಬ್ಬ ಮೊದಲಾದ್ರೆ ಇನ್ನೊಬ್ಬ ಎರಡನೇ.

ಪೊಗಾಚರ್‌ಗೆ 21ನೇ ವಯಸ್ಸಿಗೇ ಟೂರ್ ಸಿಕ್ತು. ವಿಂಗೆಗಾರ್ಡ್ ರೇಸಿಂಗ್ ಶುರು ಮಾಡಿದ ಕಾಲದಲ್ಲಿ ಬೆಳಗ್ಗೆ ಮೀನಿನ ಕಾರ್ಖಾನೆಯಲ್ಲಿ ಕೆಲಸ ಮಾಡಿ, ಆಮೇಲೆ ಸೈಕಲ್ ತುಳೀತಿದ್ದ. ಒಬ್ಬ ನಗುನಗ್ತಾ ಎಲ್ಲ ರೇಸಿಗೂ ನುಗ್ತಾನೆ. ಇನ್ನೊಬ್ಬ ಮಾತು ಕಡಿಮೆ, ವರ್ಷದ ಲೆಕ್ಕವನ್ನೆಲ್ಲ ಜುಲೈ ಸುತ್ತಲೇ ಹಾಕ್ತಾನೆ.

"ಯಾರು ದೊಡ್ಡವರು?" ಅಂತ ಸುಮ್ನೆ 4–2 ಅಂಕ ನೋಡಿ ಹೇಳೋದು ಸರಿಯಲ್ಲ ಅನ್ನೋದು ನನ್ನ ವಾದ. ಯಾಕೆ ಅಂದ್ರೆ ಪ್ರತಿ ವರ್ಷದ ತಯಾರಿ ಹೇಗಿತ್ತು ಅಂತ ನೋಡ್ಬೇಕು.

2023ನ್ನ ತಗೊಳ್ಳಿ. ಏಪ್ರಿಲ್‌ನಲ್ಲಿ ಬೆಲ್ಜಿಯಂನ ಒಂದು ರೇಸಿನಲ್ಲಿ ಬಿದ್ದು ಪೊಗಾಚರ್ ಮಣಿಕಟ್ಟು ಮುರಿದುಕೊಂಡ. ತಯಾರಿ ಕೆಟ್ಟಿತು. ಆದ್ರೂ 15 ಹಂತ ಮುಗಿದಾಗ ಇಬ್ಬರ ನಡುವೆ ಇದ್ದದ್ದು 10 ಸೆಕೆಂಡ್ ಮಾತ್ರ. ಆಮೇಲೆ ಎರಡೇ ದಿನ. ಮೊದಲ ದಿನ, ಒಬ್ಬೊಬ್ಬರೇ ಗಡಿಯಾರದ ವಿರುದ್ಧ ತುಳಿಯುವ 22.4 ಕಿ.ಮೀ. ಹಂತದಲ್ಲಿ ವಿಂಗೆಗಾರ್ಡ್ 1 ನಿಮಿಷ 38 ಸೆಕೆಂಡ್ ಕಿತ್ತುಕೊಂಡ. ಮರುದಿನ ಲೋಜ್ ಬೆಟ್ಟದಲ್ಲಿ ಪೊಗಾಚರ್ ದೇಹ ಪೂರ್ತಿ ಕೈಕೊಟ್ಟಿತು, ಇನ್ನೂ 5 ನಿಮಿಷ 45 ಸೆಕೆಂಡ್ ಹೋಯ್ತು. ಏಪ್ರಿಲ್‌ನಲ್ಲಿ ತಪ್ಪಿದ ತಯಾರಿಯ ಬಾಕಿ ಮೂರನೇ ವಾರದಲ್ಲಿ ವಸೂಲಿಗೆ ಬಂತು ಅಂತ ನನಗನ್ಸುತ್ತೆ.

2024ರಲ್ಲಿ ಉಲ್ಟಾ. ಏಪ್ರಿಲ್ 4ರಂದು ಸ್ಪೇನ್‌ನ ಬಾಸ್ಕ್ ಪ್ರದೇಶದ ರೇಸಿನಲ್ಲಿ ಇಳಿಜಾರಿನಲ್ಲಿ ವಿಂಗೆಗಾರ್ಡ್ ಬಿದ್ದ. ಭುಜದ ಮೂಳೆ, ಪಕ್ಕೆಲುಬು ಮುರೀತು, ಶ್ವಾಸಕೋಶಕ್ಕೂ ಪೆಟ್ಟಾಯ್ತು. 12 ದಿನ ಆಸ್ಪತ್ರೆ. ಸುಮಾರು ಮೂರು ತಿಂಗಳಲ್ಲಿ ಅದೇ ಮನುಷ್ಯ ಟೂರ್‌ನಲ್ಲಿ ಒಂದು ಹಂತದಲ್ಲಿ ಪೊಗಾಚರ್‌ನನ್ನೇ ಹಿಂದೆ ಹಾಕಿ ಗೆದ್ದು ಅತ್ತುಬಿಟ್ಟ. ಕೊನೆಗೆ 6 ನಿಮಿಷ 17 ಸೆಕೆಂಡ್ ಹಿಂದೆ, ಎರಡನೇ ಸ್ಥಾನ.

ಹಾಗಾಗಿ ಇಬ್ಬರೂ ದೊಡ್ಡ ಗಾಯವಿಲ್ಲದೆ, ತಂಡದ ನಾಯಕರಾಗಿ ಎದುರಾಗಿದ್ದು 2022 ಮತ್ತು 2025ರಲ್ಲಿ ಮಾತ್ರ. ಆ ಎರಡೂ ವರ್ಷ ಅವರು ಓಟಕಾಮ್ ಅನ್ನೋ ಒಂದೇ ಬೆಟ್ಟದ ಮೇಲೆ ಸೆಣಸಿದ್ರು. 2022ರಲ್ಲಿ ಅಲ್ಲಿ ವಿಂಗೆಗಾರ್ಡ್ ಗೆದ್ದ, ಪೊಗಾಚರ್ 1 ನಿಮಿಷ 4 ಸೆಕೆಂಡ್ ಹಿಂದೆ. 2025ರಲ್ಲಿ ಪೊಗಾಚರ್ ಗೆದ್ದ, ವಿಂಗೆಗಾರ್ಡ್ ಎರಡು ನಿಮಿಷಕ್ಕೂ ಹಿಂದೆ. ಬೆಟ್ಟ ಅದೇ, ಮನುಷ್ಯರು ಅವರೇ. ಬದಲಾಗಿದ್ದೇನು?

ಅದನ್ನ ಹೇಳೋಕೆ ನಮ್ಮ ನಂದಿ ಬೆಟ್ಟವನ್ನೇ ಅಳತೆಗೋಲು ಮಾಡ್ಕೊಳ್ತೀನಿ. ಬುಡದಿಂದ ಮೇಲಕ್ಕೆ ಸುಮಾರು ಏಳೂವರೆ ಕಿ.ಮೀ., ಏರುವ ಎತ್ತರ ಸುಮಾರು 450 ಮೀಟರ್ ಅಂತಿಟ್ಕೊಳ್ಳಿ. ಸವಾರ 65 ಕೆ.ಜಿ., ಸೈಕಲ್ 8 ಕೆ.ಜಿ. ಈ 73 ಕೆ.ಜಿ.ಯನ್ನ 20 ನಿಮಿಷದಲ್ಲಿ 450 ಮೀಟರ್ ಮೇಲಕ್ಕೆ ಎತ್ತೋಕೆ ಬೇಕಾದ ಶಕ್ತಿ ಸುಮಾರು 268 ವ್ಯಾಟ್. ಗಾಳಿ, ಟೈರಿನ ಘರ್ಷಣೆ ಸೇರಿಸಿದ್ರೆ ಸುಮಾರು 340. ಮನೆಯ ಮಿಕ್ಸಿಯ ಅರ್ಧದಷ್ಟು ಅನ್ನಿ. ಆದ್ರೆ ಅದು ಕಾಲಿಂದ ಬರ್ಬೇಕು, 20 ನಿಮಿಷ ಬಿಡದೆ. ಇದನ್ನ ದೇಹದ ತೂಕದಿಂದ ಭಾಗಿಸಿದ್ರೆ ಕೆ.ಜಿ.ಗೆ ಐದು ವ್ಯಾಟ್‌ಗಿಂತ ಸ್ವಲ್ಪ ಜಾಸ್ತಿ. ನಮ್ಮಲ್ಲಿ ವಾರಾಂತ್ಯದಲ್ಲಿ ತುಳಿಯೋರಿಗೆ ಇದು ಕನಸಿನ ಮಾತು.

ಓಟಕಾಮ್ ಸುಮಾರು ಹದಿಮೂರೂವರೆ ಕಿ.ಮೀ., ಸರಾಸರಿ ಏರು ಶೇಕಡ 7.8. ಅಂದ್ರೆ ಹೆಚ್ಚುಕಡಿಮೆ ನಂದಿಯಷ್ಟು ಉದ್ದದ ಎರಡು ಬೆಟ್ಟಗಳನ್ನ ಒಂದರ ಮೇಲೊಂದು ಇಟ್ಟು, ಇನ್ನೂ ಕಡಿದು ಮಾಡಿದ ಹಾಗೆ. ಅದೂ ಗಂಟೆಗಟ್ಟಲೆ ತುಳಿದು ಬಂದ ಮೇಲೆ, ಎರಡು ವಾರದ ದಣಿವು ಹೊತ್ತುಕೊಂಡು. ಹೊಸದಾಗಿ ಎದ್ದ ಕಾಲಲ್ಲಿ ಬೆಟ್ಟ ಹತ್ತೋರು ಜಗತ್ತಲ್ಲಿ ಬೇಕಾದಷ್ಟು ಜನ ಇದಾರೆ. ಐದನೇ ಗಂಟೆಯಲ್ಲೂ ಅದೇ ಶಕ್ತಿ ಉಳಿಸ್ಕೊಳ್ಳೋನೇ ಟೂರ್ ಗೆಲ್ಲೋದು. ತಯಾರಿಯ ಗುಟ್ಟೆಲ್ಲ ಇಲ್ಲೇ ಇದೆ.

ಮೊದಲನೇದು ಊಟ. ಈಗಿನ ಸವಾರರು ಕಷ್ಟದ ಹಂತಗಳಲ್ಲಿ ಗಂಟೆಗೆ 100ರಿಂದ 120 ಗ್ರಾಂ ಕಾರ್ಬೊಹೈಡ್ರೇಟ್ ತಿಂತಾರೆ. ನಮ್ಮ ಲೆಕ್ಕದಲ್ಲಿ ಗಂಟೆಗೆ ನಾಲ್ಕೈದು ಪಚ್ಚಬಾಳೆಹಣ್ಣು. ಐದು ಗಂಟೆಗೆ ಇಪ್ಪತ್ತೈದು! ಯಾರ ಹೊಟ್ಟೆಯೂ ತಡೆಯಲ್ಲ. ಅದಕ್ಕೇ ಜೆಲ್, ಸಕ್ಕರೆ ಪಾನೀಯ. ಅದನ್ನ ಅರಗಿಸ್ಕೊಳ್ಳೋಕೆ ಹೊಟ್ಟೆಗೂ ತಿಂಗಳುಗಟ್ಟಲೆ ಅಭ್ಯಾಸ ಮಾಡಿಸ್ತಾರೆ. "ಖಾಲಿ ಹೊಟ್ಟೇಲಿ ತುಳಿದ್ರೆ ಸಣ್ಣ ಆಗ್ತೀವಿ" ಅಂತ ನಂದಿಗೆ ಹೋಗೋ ಗೆಳೆಯರು ಇದನ್ನ ಗಮನಿಸಿ.

ಎರಡನೇದು ಎತ್ತರ. ಸಮುದ್ರಮಟ್ಟಕ್ಕಿಂತ 2,000 ಮೀಟರ್ ಮೇಲೆ ಎರಡು ಮೂರು ವಾರ ಇದ್ರೆ, ಆಮ್ಲಜನಕ ಕಡಿಮೆ ಅಂತ ದೇಹ ಹೆಚ್ಚು ಕೆಂಪು ರಕ್ತಕಣ ಮಾಡುತ್ತೆ. ಅದಕ್ಕೇ ತಂಡಗಳು ಸ್ಪೇನ್‌ನ ಸಿಯೆರಾ ನೆವಾಡಾ, ಟೆನೆರಿಫ್ ದ್ವೀಪದ ಟೈಡೆ, ಫ್ರಾನ್ಸ್‌ನ ಟೀನ್ಯೆಗೆ ಹೋಗಿ ಬೀಡು ಬಿಡ್ತವೆ. ನಮ್ಮ ನಂದಿ 1,478 ಮೀಟರ್. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930. ಅಂದ್ರೆ ಇಡೀ ರಾಜ್ಯದಲ್ಲಿ ಈ ತಯಾರಿಗೆ ಜಾಗ ಇಲ್ಲ. ಆದ್ರೆ ಗಡಿ ದಾಟಿದ್ರೆ ಊಟಿ ಇದೆ, 2,240 ಮೀಟರ್. 2008ರಿಂದ ನಡೀತಿರೋ ಟೂರ್ ಆಫ್ ನೀಲಗಿರೀಸ್‌ನಲ್ಲಿ ಪಾಲ್ಗೊಂಡವರಿಗೆ ಮಸಿನಗುಡಿಯಿಂದ ಊಟಿಗೆ ಹೋಗೋ ಕಲ್ಲಟ್ಟಿ ಘಾಟಿಯ 36 ತಿರುವು ಚೆನ್ನಾಗಿ ಗೊತ್ತು. ಬೆಂಗಳೂರಿಂದ ಒಂದು ದಿನದ ದಾರಿಯಲ್ಲಿ ಯುರೋಪಿನ ತಂಡಗಳು ಹುಡುಕ್ಕೊಂಡು ಹೋಗುವಂಥ ಎತ್ತರ ಇದೆ.

ಇಲ್ಲೇ ಕಹಿ ಮಾತೂ ಒಂದಿದೆ. ಎತ್ತರದ ಜಾಗ ನಿಧಾನವಾಗಿ ಮಾಡೋ ಕೆಲಸವನ್ನೇ ಇಪಿಒ ಅನ್ನೋ ಮದ್ದು ಬೇಗ ಮಾಡುತ್ತೆ. ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 1999ರಿಂದ 2005ರವರೆಗೆ ಗೆದ್ದ ಏಳೂ ಪ್ರಶಸ್ತಿಗಳನ್ನ 2012ರಲ್ಲಿ ಕಿತ್ತುಕೊಂಡ್ರು. ಪೊಗಾಚರ್, ವಿಂಗೆಗಾರ್ಡ್ ಮೇಲೆ ಇದುವರೆಗೆ ಡೋಪಿಂಗ್ ಪ್ರಕರಣ ಯಾವುದೂ ಇಲ್ಲ. ಆದ್ರೂ ಪ್ರತಿ ದಾಖಲೆ ಮುರಿದಾಗ್ಲೂ ಅವರನ್ನ ಪ್ರಶ್ನೆ ಕೇಳ್ತಾರೆ. ಹಿಂದಿನವರು ಮಾಡಿದ ಸಾಲಕ್ಕೆ ಇವರು ಬಡ್ಡಿ ಕಟ್ತಿದಾರೆ.

ಮೂರನೇದು ಸೋಲಿಂದ ಕಲಿಯೋದು. 2022ರಲ್ಲಿ ಗ್ರಾನೋನ್ ಬೆಟ್ಟದ ದಿನ ವಿಂಗೆಗಾರ್ಡ್ ಮತ್ತು ಅವನ ತಂಡದ ರೋಗ್ಲಿಚ್ ಸರದಿ ಪ್ರಕಾರ ದಾಳಿ ಮಾಡಿದ್ರು. ಪೊಗಾಚರ್ ಪ್ರತಿಯೊಂದನ್ನೂ ಒಬ್ಬನೇ ಬೆನ್ನಟ್ಟಿ, ಕೊನೆಯ ಏರಿನಲ್ಲಿ ಸುಮಾರು ಮೂರು ನಿಮಿಷ ಕಳ್ಕೊಂಡ. ಆಮೇಲೆ ಅವನ ತಂಡ ಬಲವಾದ ಬೆಟ್ಟದ ಸವಾರರನ್ನ ಸೇರಿಸ್ಕೊಳ್ತು. 2024ಕ್ಕೆ ಹವಿಯರ್ ಸೋಲಾ ಅನ್ನೋ ಹೊಸ ಕೋಚ್ ಬಂದ್ರು. ಬಿಸಿಲಿಗೆ ದೇಹ ಒಗ್ಗಿಸೋ ಅಭ್ಯಾಸ ಸೇರಿತು. ಪೆಡಲ್‌ನ ಕ್ರ್ಯಾಂಕ್ ಕೂಡ 165 ಮಿ.ಮೀ.ಗೆ ಇಳೀತು. ಯಾವ ಒಂದು ಬದಲಾವಣೆಯೂ ದೊಡ್ಡದಲ್ಲ. ಆದ್ರೆ ವಿಂಗೆಗಾರ್ಡ್ ಎದುರಿಗೆ ಇಲ್ದೇ ಇದ್ದಿದ್ರೆ ಇದನ್ನೆಲ್ಲ ಮಾಡೋ ಅಗತ್ಯವೇ ಬರ್ತಿರಲಿಲ್ಲ.

ಜಿದ್ದು ಅಂದ್ರೆ ದ್ವೇಷ ಅಲ್ಲ ಅನ್ನೋದಕ್ಕೂ ಇವರೇ ಸಾಕ್ಷಿ. 2022ರ ಓಟಕಾಮ್ ದಿನ, ಅದಕ್ಕೂ ಮುಂಚಿನ ಇಳಿಜಾರಿನಲ್ಲಿ ಪೊಗಾಚರ್ ಬಿದ್ದ. ವಿಂಗೆಗಾರ್ಡ್ ವೇಗ ಕಡಿಮೆ ಮಾಡಿ ಕಾದ. ಪೊಗಾಚರ್ ಬಂದು ಕೈ ಕುಲುಕಿದ. 2025ರಲ್ಲಿ ಓಟಕಾಮ್‌ನ ಹಿಂದಿನ ದಿನ ಟುಲೂಸ್‌ನಲ್ಲಿ ಪೊಗಾಚರ್ ಮತ್ತೆ ಬಿದ್ದಾಗ, ವಿಂಗೆಗಾರ್ಡ್ ಇದ್ದ ಗುಂಪು ಮತ್ತೆ ಕಾಯ್ತು. ಮರುದಿನ ಗೆದ್ದ ಪೊಗಾಚರ್ ಆ ಗೆಲುವನ್ನ ಸಾಮ್ಯುಯೆಲೆ ಪ್ರಿವಿತೆರಾ ಅನ್ನೋ ಇಟಲಿಯ ಹುಡುಗನಿಗೆ ಅರ್ಪಿಸಿದ. 19 ವರ್ಷದ ಆ ಹುಡುಗ ಹಿಂದಿನ ದಿನವಷ್ಟೇ ಇನ್ನೊಂದು ರೇಸಿನಲ್ಲಿ ಬಿದ್ದು ತೀರಿಕೊಂಡಿದ್ದ. ಈ ಆಟದಲ್ಲಿ ಎದುರಾಳಿ ಕಾಯೋದು ಬರೀ ದೊಡ್ಡತನ ತೋರಿಸೋಕಲ್ಲ. ನಾಳೆ ಬೀಳೋದು ತಾನೇ ಆಗಿರಬಹುದು ಅಂತ ಪ್ರತಿಯೊಬ್ಬರಿಗೂ ಗೊತ್ತು.

ಈಗ ದುಡ್ಡಿನ ವಿಷಯ. ಟೂರ್ ಗೆದ್ದವನಿಗೆ 5 ಲಕ್ಷ ಯೂರೊ, ಅದನ್ನೂ ತಂಡದವರ ಜೊತೆ ಹಂಚಿಕೊಳ್ಳೋದು ವಾಡಿಕೆ. ರಸ್ತೆ ಬದಿ ನಿಂತು ನೋಡೋಕೆ ಟಿಕೆಟ್ ಇಲ್ಲ. ಐಪಿಎಲ್ ಥರ ಟಿವಿ ಹಕ್ಕಿನ ಪಾಲೂ ತಂಡಗಳಿಗೆ ಬರಲ್ಲ. ಹಾಗಾಗಿ ಪ್ರಾಯೋಜಕರೇ ಗತಿ. ವಿಂಗೆಗಾರ್ಡ್ ತಂಡದ ಹೆಸರಲ್ಲಿದ್ದ ಯುಂಬೋ ಸೂಪರ್ ಮಾರ್ಕೆಟ್ 2023ರ ಕೊನೆಗೆ ಹೋಯ್ತು, ತಂಡದ ಹೆಸರೇ ಬದಲಾಯ್ತು. ಟೂರ್ ಗೆದ್ದ ತಂಡಕ್ಕೇ ಹೀಗಾದ್ರೆ, ನಮ್ಮವರ ಗತಿ?

ನಮ್ಮವರ ವಿಷಯವನ್ನೂ ಹೇಳ್ತೀನಿ. ನವೀನ್ ಜಾನ್ ಎಂಜಿನಿಯರಿಂಗ್ ಓದಿದವರು, ಅಮೆರಿಕದಲ್ಲಿದ್ದಾಗ ತಡವಾಗಿ ರೇಸಿಂಗ್ ಹಿಡಿದವರು. ಬೆಂಗಳೂರನ್ನ ನೆಲೆ ಮಾಡ್ಕೊಂಡು ಹಲವು ಸಲ ರಾಷ್ಟ್ರೀಯ ಟೈಮ್ ಟ್ರಯಲ್ ಚಾಂಪಿಯನ್ ಆದ್ರು. 2016ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ತುಳಿದ್ರು, ಬೆಲ್ಜಿಯಂಗೆ ಹೋಗಿ ಅಲ್ಲಿನ ಊರೂರ ರೇಸುಗಳಲ್ಲಿ ಸೆಣಸಿದ್ರು. ಇನ್ನೊಂದು ಕಡೆ ವಿಜಯಪುರ, ಬಾಗಲಕೋಟೆಯ ಕ್ರೀಡಾ ಹಾಸ್ಟೆಲ್‌ಗಳಿಂದ ವರ್ಷವರ್ಷ ರಾಷ್ಟ್ರಮಟ್ಟದ ಸವಾರರು ಬರ್ತಾನೇ ಇದಾರೆ. ಬಹುಪಾಲು ರೈತರ ಮಕ್ಕಳು. 2026ರ ಜನವರಿಯಲ್ಲಿ ಪುಣೆಯಲ್ಲಿ ಐದು ದಿನ, 437 ಕಿ.ಮೀ.ಗಳ ಅಂತರರಾಷ್ಟ್ರೀಯ ರೇಸ್ ನಡೀತು. ವಿಜಯಪುರದ ಹುಡುಗನಿಗೆ ಯುರೋಪ್ ದೂರ, ಪುಣೆ ದೂರ ಅಲ್ಲ.

ಹಾಗಾದ್ರೆ ನಮ್ಮ ಬೆಂಗಳೂರು ಗ್ರಾಮಾಂತರ? ವಿಚಿತ್ರ ನೋಡಿ. ರಾಜ್ಯದ ದುಬಾರಿ ಸೈಕಲ್‌ಗಳೆಲ್ಲ ನಮ್ಮ ರಸ್ತೆ ಮೇಲೇ ಓಡ್ತವೆ. ನಮ್ಮ ಊರಿನ ಹುಡುಗರು ಟೀ ಅಂಗಡಿ ಮುಂದೆ ನಿಂತು ನೋಡ್ತಾರೆ. 2006–07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಉಚಿತ ಸೈಕಲ್ ಕೊಡೋಕೆ ಶುರು ಮಾಡ್ತು. ನನಗೂ ಸಿಕ್ಕಿತ್ತು. ರೇಸಿಂಗ್ ಸೈಕಲ್‌ನ ಕನಿಷ್ಠ ತೂಕ 6.8 ಕೆ.ಜಿ., ನನ್ನದು ಅದರ ಎರಡು ಪಟ್ಟಿಗಿಂತ ಹೆಚ್ಚೇ ಇತ್ತು. ಎದುರುಗಾಳಿಯಲ್ಲಿ ಅದನ್ನ ತುಳ್ಕೊಂಡು ಮೈಲಿಗಟ್ಟಲೆ ದೂರದ ಶಾಲೆಗೆ ಹೋಗಿ ಬರ್ತಿದ್ದ ಹುಡುಗ ಹುಡುಗಿಯರಲ್ಲಿ ಯಾರ ಶ್ವಾಸಕೋಶ ಎಷ್ಟು ದೊಡ್ಡದು ಅಂತ ಒಬ್ಬರೂ ಅಳೀಲಿಲ್ಲ. ಕೋವಿಡ್ ಬಂದಾಗ ಆ ಯೋಜನೆಯೂ ನಿಂತುಹೋಯ್ತು.

ನಾನು ಕೇಳ್ತಿರೋದು ಕೋಟಿ ರೂಪಾಯಿಯ ವೆಲೊಡ್ರೋಮ್ ಅಲ್ಲ. ತಾಲ್ಲೂಕಿಗೆ ಒಂದು, ವರ್ಷಕ್ಕೆ ಒಂದು ಸಲ, ಮಾಮೂಲಿ ಸೈಕಲ್‌ನಲ್ಲೇ ಶಾಲಾ ಮಕ್ಕಳ ರೇಸ್. ನೆಲಮಂಗಲದವರಿಗೆ ಶಿವಗಂಗೆ ಕಡೆಯ ರಸ್ತೆ, ದೇವನಹಳ್ಳಿ, ದೊಡ್ಡಬಳ್ಳಾಪುರದವರಿಗೆ ನಂದಿಯ ಬುಡ, ಹೊಸಕೋಟೆಯವರಿಗೆ ಕೆರೆ ಕಡೆಯ ಹಳ್ಳಿ ರಸ್ತೆ. ಬೆಳಗ್ಗೆ ಎರಡು ಗಂಟೆ ವಾಹನ ನಿಲ್ಲಿಸಿ, ಒಂದು ಆಂಬುಲೆನ್ಸ್ ನಿಲ್ಲಿಸಿ, ಸ್ಟಾಪ್‌ವಾಚ್ ಹಿಡೀರಿ. ಟಿಪ್ಪರ್ ಲಾರಿ ಪಕ್ಕದಲ್ಲಿ ಮಕ್ಕಳನ್ನ ಓಡಿಸೋದು ಬೇಡ, ಅದನ್ನ ಮಾತ್ರ ಒತ್ತಿ ಹೇಳ್ತೀನಿ. ಗೆದ್ದ ಮೊದಲ ಐದು ಮಕ್ಕಳ ಹೆಸರನ್ನ ವಿಜಯಪುರದ ಹಾಸ್ಟೆಲ್‌ಗೆ ಕಳಿಸಿ. ಖರ್ಚು ಎಷ್ಟಾಗುತ್ತೆ? ಒಂದು ಊರಿನ ಕ್ರಿಕೆಟ್ ಟೂರ್ನಮೆಂಟ್‌ನ ಪೆಂಡಾಲಿನಷ್ಟು.

2026ರ ಟೂರ್ ಜುಲೈ 4ಕ್ಕೆ ಬಾರ್ಸಿಲೋನಾದಲ್ಲಿ ಶುರು. ಕೊನೆಯ ವಾರ ಆಲ್ಪ್ ದುಯೆಜ್ ಬೆಟ್ಟ ಎರಡು ದಿನ ಸತತವಾಗಿ ಇದೆ. ಪೊಗಾಚರ್ ಗೆದ್ರೆ ಐದನೇ ಸಲ, ಆಂಕೆಟಿಲ್, ಮರ್ಕ್ಸ್, ಇನೋ, ಇಂಡುರೈನ್ ಸಾಲಿಗೆ ಸೇರ್ತಾನೆ. ಅವನನ್ನ ತಡೆಯೋಕೆ ಯಾರಿಗಾದ್ರೂ ಆಗೋದಾದ್ರೆ ಆ ಮೀನಿನ ಕಾರ್ಖಾನೆ ಹುಡುಗನಿಗೇ ಅನ್ನೋದು ನನ್ನ ಅಂದಾಜು. ನಿಮ್ಮ ಅಂದಾಜು ಬೇರೆ ಇದ್ರೆ ವಾಯ್ಸ್ ಮೆಸೇಜ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕ್ತೀನಿ. ಹಾಗೇ ನಿಮ್ಮೂರಿನಲ್ಲಿ ಮಾಮೂಲಿ ಸೈಕಲ್‌ನಲ್ಲಿ ಎಲ್ಲರನ್ನೂ ಹಿಂದೆ ಹಾಕೋ ಮಕ್ಕಳಿದ್ರೆ, ಅವರ ಪಿ.ಟಿ. ಮೇಷ್ಟ್ರಿಗೆ ಈ ಸಂಚಿಕೆ ಕೇಳಿಸಿ.